ಮೊದಲನೆಯದು ಲೆಕ್ಕಕ್ಕಿಲ್ಲ

ಸ್ಕ್ಯಾನಿಂಗ್ ಚಿತ್ರದಲ್ಲಿ ಕತ್ತಿಗೆ ಮುಖವಿರುವುದಿಲ್ಲ. ಹೆಸರೂ ಇರುವುದಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಸಂಖ್ಯೆ, ಅದರ ಕೆಳಗೆಲ್ಲ ಬೂದುಬಣ್ಣದ ಮಬ್ಬು, ಮಬ್ಬಿನ ನಡುವೆ ಅಡ್ಡಲಾಗಿ ಮಲಗಿದ ಒಂದು ಕಪ್ಪು ಪಟ್ಟಿ. ಆ ಪಟ್ಟಿಯೊಳಗೆ ರಕ್ತ ಓಡುತ್ತದೆ. ಅದರ ಕೆಳದಂಡೆಯಲ್ಲಿ ಎರಡು ಬಿಳಿಯ ಗೆರೆಗಳು, ಕಾಪಿ ಪುಸ್ತಕದಲ್ಲಿರುವ ಹಾಗೆ ಒಂದರ ಕೆಳಗೊಂದು. ಆ ಎರಡು ಗೆರೆಗಳ ನಡುವಿನ ಅಂತರವೇ ನಾಳದ ಗೋಡೆಯ ದಪ್ಪ. ಬಿ.ಪಿ. ಇರುವವರ ಗೋಡೆ ವರ್ಷಕ್ಕೆಷ್ಟು ದಪ್ಪವಾಗುತ್ತದೆ, ಇಲ್ಲದವರದ್ದು ಎಷ್ಟು, ಎಂದು ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಸಂಶೋಧನೆ ನಡೆದಿತ್ತು. ಕಿಟಕಿಗೆ ಕಪ್ಪು ಪರದೆ ಹಾಕಿದ ಈ ಸಣ್ಣ ಕೋಣೆಯಲ್ಲಿ ಕುಳಿತು ಆ ಅಂತರವನ್ನು ಮಿಲಿಮೀಟರಿನ ನೂರನೆಯ ಭಾಗದವರೆಗೆ ಅಳೆದು ದಾಖಲಿಸುವುದು ಅವಳ ಕೆಲಸ. ಅಲ್ಲಿ ಅದಕ್ಕೆ ಓದುವುದು ಎಂದೇ ಹೆಸರು. ಇವತ್ತು ಎಷ್ಟು ಕತ್ತು ಓದಿದೆ, ಎಂದು ಸಂಜೆ ಗಂಡ ಕೇಳುತ್ತಿದ್ದ. ಇಂದು ಓದಬೇಕಾದದ್ದು ಅರುವತ್ತು. ಮೊದಲನೆಯದು ತೆರೆದುಕೊಂಡು ಹತ್ತು ನಿಮಿಷವಾಗಿತ್ತು. ಮೌಸಿನ ಮೇಲೆ ಅವಳ ಅಂಗೈ ಬೆವರಿ, ಎತ್ತಿದಾಗ ಅಂಟಿಕೊಂಡು ಬಂತು.

ನಿನ್ನೆ ಲೆಕ್ಕದ ಮೇಷ್ಟ್ರು ಕರೆಸಿದ್ದರು. ಸಂಶೋಧನೆಯ ಅಂಕಿಅಂಶ ನೋಡಿಕೊಳ್ಳುವ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಪ್ಪು ಕಂಡಾಗ ಕನ್ನಡಕವನ್ನು ಹಣೆಗೇರಿಸುವ ರೀತಿಗೆ ಆ ಹೆಸರು ಬಿದ್ದಿತ್ತು. ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಎಡದಿಂದ ಬಲಕ್ಕೆ, ಸಾಸಿವೆ ಚೆಲ್ಲಿದ ಹಾಗೆ, ಸಾವಿರಾರು ಚುಕ್ಕೆಗಳು.

"ಇದು ನೀವು," ಎಂದು ಬೆರಳಿಟ್ಟರು. "ಐದು ವರ್ಷ ನೋಡಿ, ದಾರ ಹಿಡಿದು ಎಳೆದ ಹಾಗಿದೆ. ಇಲ್ಲೊಂದು ಮೂರು ವಾರ ಖಾಲಿ."

ಆ ಖಾಲಿ ಜಾಗ ಏನೆಂದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರ ಬೆರಳು ಅಲ್ಲಿ ನಿಲ್ಲದೆ ದಾಟಿತು.

"ಆಮೇಲೆ ಕೆಲಸಕ್ಕೆ ಬಂದ್ರಲ್ಲ, ಅಲ್ಲಿಂದ ಈಚೆ ಎಲ್ಲಾ ಚುಕ್ಕೆನೂ ಒಂದು ಮೆಟ್ಟಿಲು ಮೇಲೆ. ಒಂದಲ್ಲ ಎರಡಲ್ಲ, ಎಲ್ಲಾ."

"ಮಷೀನು ಏನಾದ್ರೂ..."

"ಮಷೀನು ಅದೇ. ಪಕ್ಕದ ರೂಮಲ್ಲಿ ಓದೋರದ್ದು ಇದ್ದಲ್ಲೇ ಇದೆ. ನಿಮ್ಮದು ಮಾತ್ರ ಸೊನ್ನೆ ಪಾಯಿಂಟ್ ಸೊನ್ನೆ ಎಂಟು ಹೆಚ್ಚು. ಏನ್ ಮಹಾ, ಒಂದು ಕೂದಲಿನ ದಪ್ಪ." ಕನ್ನಡಕ ಹಣೆಯಿಂದ ಇಳಿಯಿತು. "ಆದರೆ ನಮ್ಮ ಗೆರೆ ಇರೋದು ಸೊನ್ನೆ ಪಾಯಿಂಟ್ ಒಂಬತ್ತಕ್ಕೆ. ಅದನ್ನ ದಾಟಿದೋರಿಗೆ ಕಾಗದ ಹೋಗುತ್ತೆ, ನಿಮ್ಮ ಕತ್ತಿನ ನಾಳ ದಪ್ಪ ಆಗಿದೆ, ಮತ್ತೆ ಬನ್ನಿ ಅಂತ. ಹೋಗಬಾರದ ಕಾಗದ ನಲವತ್ತೆರಡು ಜನಕ್ಕೆ ಹೋಗಿದೆ."

ಅವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಯಾರೋ ನೀರಿನ ಲೋಟ ಹಿಡಿದು ನಿಂತು, ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

"ಬೈತಿಲ್ಲಮ್ಮ ನಾನು. ಎಂಥವರ ಕಣ್ಣೂ ಒಂದೊಂದು ಸಲ ಜಾರುತ್ತೆ. ಎಲ್ಲಿ ಜಾರಿತು ಅಂತ ನೋಡಬೇಕಲ್ಲ? ಎರಡು ವರ್ಷದ ಹಿಂದೆ ನೀವೇ ಓದಿದ್ದ ಅರುವತ್ತು ಚಿತ್ರ ಕೊಡ್ತೀನಿ, ನಂಬರ್ ಬದಲಾಯಿಸಿ, ಕಲಸಿ. ನಾಳೆ ಒಂದೇ ದಿನ ಓದಿಬಿಡಿ. ಅವತ್ತಿನ ನಿಮ್ಮನ್ನೂ ಇವತ್ತಿನ ನಿಮ್ಮನ್ನೂ ಪಕ್ಕಪಕ್ಕ ಕೂರಿಸಿ ನೋಡೋಣ."

"ಯಾವ ತಿಂಗಳದ್ದು ಸರ್?"

ಅವರು ತಿಂಗಳು ಹೇಳಿದರು, ಎರಡನೇ ಹದಿನೈದು ದಿನ ಎಂದರು. ಆ ಹದಿನೈದು ದಿನದೊಳಗೆ ಒಂದು ಮಂಗಳವಾರವಿತ್ತು.

"ನಮ್ಮನೆಯವರದ್ದೂ ಇದೆಯಾ ಅದರಲ್ಲಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು. "ನೂರ ಹತ್ತರಲ್ಲಿ ಅರುವತ್ತನ್ನ ಕಂಪ್ಯೂಟರ್ ಆರಿಸಿದೆ. ನಾನೂ ನೋಡಿಲ್ಲ. ನೋಡಿದ್ರೂ ಹೇಳೋ ಹಾಗಿಲ್ಲಮ್ಮ. ಗೊತ್ತಿದ್ದು ಓದಿದ್ರೆ ಅದು ಓದೇ ಅಲ್ಲ."

ನಲವತ್ತರೊಳಗಿನ ಗಂಡಸರು ಸಾಲುತ್ತಿಲ್ಲವೆಂದು ಆ ಮಂಗಳವಾರ ಅವಳೇ ಗಂಡನನ್ನು ಎಳೆದುಕೊಂಡು ಬಂದಿದ್ದಳು. ಅರ್ಧ ಗಂಟೆ ಮಲಗಿದರೆ ಆಯಿತು, ಬಿಸ್ಕತ್ತು ಕೊಡುತ್ತಾರೆ, ಎಂದು ಆಸೆ ತೋರಿಸಿದ್ದಳು. ಅವನು ಲಿಫ್ಟ್ ರಿಪೇರಿಯವನು. ಬರುವಾಗ ಈ ಕಟ್ಟಡದ ಲಿಫ್ಟಿನ ಗೋಡೆಗೆ ಕಿವಿಯಿಟ್ಟು, ಇದಕ್ಕೆ ಎಣ್ಣೆ ಹಾಕಿ ಯಾವ ಕಾಲವಾಯಿತೋ, ಎಂದು ಗೊಣಗಿದ್ದ. ಮೊದಲು ಸಿಸ್ಟರ್ ಕೋಣೆಯಲ್ಲಿ ಬಿ.ಪಿ. ನೋಡಿದರು. ಅವನು ತೋಳು ಇಳಿಸಿಕೊಳ್ಳುತ್ತ ನಗುತ್ತ ಹೊರಬಂದ. "ನೂರ ಅರುವತ್ತೆಂಟು ಬಂತು ಕಣೇ! ನಿಮ್ಮ ಸಿಸ್ಟರ್ ಮುಖ ನೋಡೇ ಏರಿಬಿಡ್ತು. ಆಮೇಲೆ ಇಳೀತು." ಒಳಗಿನಿಂದ ಸಿಸ್ಟರ್, "ಮೊದಲನೇದು ಹೆದರಿಕೆಯದು, ಲೆಕ್ಕಕ್ಕಿಲ್ಲ ಬಿಡಿ," ಎಂದು ಕೂಗಿದ್ದರು. ಇವಳೂ ನಕ್ಕಿದ್ದಳು. ಸಂಶೋಧನೆಯ ನಿಯಮವೇ ಹಾಗಿತ್ತು: ಮೂರು ಸಲ ನೋಡಬೇಕು, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಹಿಡಿಯಬೇಕು. ಫಾರಂನಲ್ಲಿ ಮೂರಕ್ಕೂ ಮನೆಗಳಿದ್ದವು. ಹೇಗೂ ಬಿಡುವುದನ್ನು ಬರೆಯುವುದೇಕೆ ಎಂದು ಸಿಸ್ಟರ್ ಮೊದಲ ಮನೆಗೆ ಒಂದು ಅಡ್ಡಗೆರೆ ಎಳೆದುಬಿಡುತ್ತಿದ್ದರು. ಹನ್ನೊಂದು ವರ್ಷದ ಅಭ್ಯಾಸ. ಯಾರೂ ಏನೂ ಅಂದಿರಲಿಲ್ಲ. ಆಮೇಲೆ ಅವನ ಕತ್ತಿನ ಚಿತ್ರ ತೆಗೆದರು, ಅದಕ್ಕೊಂದು ಸಂಖ್ಯೆ ಬಿತ್ತು, ಆ ವಾರದ ರಾಶಿಯಲ್ಲಿ ಅದೂ ಅವಳ ಮುಂದೆ ಬಂದಿರಬೇಕು, ಅವಳು ಓದಿರಬೇಕು. ಹದಿನೈದು ದಿನದ ಮೇಲೆ ಮನೆಗೆ ಕಾಗದ ಬಂತು: ಯಾವ ದೋಷವೂ ಕಂಡುಬಂದಿಲ್ಲ. ಅವನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದ ಗುಂಡಿಯಿಂದ ಅಂಟಿಸಿ, "ಹೆಂಡತಿ ಕೊಟ್ಟ ಸರ್ಟಿಫಿಕೇಟು, ಇನ್ನು ಯಾರಪ್ಪನ ಭಯ," ಎಂದು ಊಟದ ತಟ್ಟೆಗೆ ಮೇಲುಪ್ಪು ಉದುರಿಸಿಕೊಂಡ. ಒಂದು ವರ್ಷ ಐದು ತಿಂಗಳು ಆ ಕಾಗದ ಅಲ್ಲಿತ್ತು. ಒಂದು ಬೆಳಿಗ್ಗೆ ಎಂಟೂವರೆಗೆ ಅವನು ಶೂ ಲೇಸು ಕಟ್ಟಲು ಬಗ್ಗಿದ. ಒಳಗಿನಿಂದ ಅವಳು, ಬಸ್ಸು ಹೋಗುತ್ತೆ ಬೇಗ, ಎಂದಳು. ಅವನು ಏಳಲಿಲ್ಲ. ತಲೆಯೊಳಗಿನ ಒಂದು ನಾಳ ಒಡೆದಿದೆ ಎಂದರು. ಅವನಿಗೆ ಮೂವತ್ತೊಂಬತ್ತು.

ಈಗಲೂ ಕಾಗದ ಅಲ್ಲೇ ಇದೆ. ತೆಗೆಯಲು ಅತ್ತೆಯೂ ಹೋಗಿಲ್ಲ, ಅವಳೂ ಹೋಗಿಲ್ಲ. ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಅದರ ಒಂದು ಮೂಲೆ ಅಲುಗಾಡುತ್ತದೆ. ಅವನು ಹೋದ ನಾಲ್ಕನೆಯ ದಿನವೋ ಐದನೆಯ ದಿನವೋ ಬಂದವರಿಗೆ ಅತ್ತೆ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತ್ತು: "ಊರವರ ಕತ್ತೆಲ್ಲ ನೋಡ್ತಾಳೆ. ಮನೇಲಿದ್ದೋನ ಕತ್ತು ಕಾಣಲಿಲ್ಲ. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗಾಯ್ತು." ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅದೇ ಅತ್ತೆ ಒಳಗೆ ಬಂದು, ಎರಡು ತುತ್ತು ತಿನ್ನಮ್ಮ, ಎಂದು ತಟ್ಟೆ ಮುಂದಿಟ್ಟು, ಅವಳು ತಿನ್ನುವವರೆಗೆ ಕದಲದೆ ನಿಂತಿದ್ದರು. ಸಿಟ್ಟಿದ್ದಿದ್ದರೆ ಜಗಳವಾಡಬಹುದಾಗಿತ್ತು.

ಎರಡು ವರ್ಷದ ಹಿಂದೆ, ಆ ಮಂಗಳವಾರದ ರಾಶಿಯಲ್ಲಿ, ಅವನ ಗೋಡೆ ದಪ್ಪವಿದ್ದು ಅವಳು ತೆಳು ಎಂದು ಓದಿದ್ದರೆ? ಸರಿಯಾಗಿ ಓದಿದ್ದರೆ ಮತ್ತೆ ಬನ್ನಿ ಎನ್ನುವ ಕಾಗದ ಹೋಗುತ್ತಿತ್ತು, ಡಾಕ್ಟರು ನೋಡುತ್ತಿದ್ದರು, ದಿನಕ್ಕೊಂದು ಮಾತ್ರೆ, ಅವನು ಬೈದುಕೊಂಡು ನುಂಗುತ್ತಿದ್ದ, ಶೂ ಕಟ್ಟಿಕೊಂಡು ಬಸ್ಸು ಹಿಡಿಯುತ್ತಿದ್ದ. ಏಳು ತಿಂಗಳಿಂದ ಈ ಸರಪಳಿ ಅವಳೊಳಗೆ ಸದ್ದಿಲ್ಲದೆ ಸುತ್ತುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಅವಳ ಕೈ ಮಾತ್ರ. ಬಿಳಿಯ ಗೆರೆ ಎಲ್ಲಿ ಮುಗಿಯುತ್ತದೆ ಎಂದು ಸ್ಪಷ್ಟವಾಗಿ ಕಾಣದ ಕಡೆ, ಮೊದಲಾದರೆ ನಡುವಿಗಿಡುತ್ತಿದ್ದ ಗುರುತನ್ನು ಈಗ ತುಸು ಹೊರಗಿಡುತ್ತಿದ್ದಳು. ಇರಲಿ, ಕಡಿಮೆ ಆಗುವುದು ಬೇಡ, ಎಂದು. ಅಷ್ಟೇ. ಅದು ಕೂದಲಿನಷ್ಟು ಎಂದು ಮೇಷ್ಟ್ರು ಹೇಳುವವರೆಗೆ ಅವಳಿಗೆ ತಿಳಿದಿರಲಿಲ್ಲ.

ಒಂದನೆಯ ಚಿತ್ರ ಓದಿದಳು. ಎರಡನೆಯದು. ಮೂರನೆಯದರಲ್ಲಿ ಕಪ್ಪು ಪಟ್ಟಿ ಸ್ವಲ್ಪ ಓರೆಯಾಗಿತ್ತು. ಅವನು ಮಲಗಿದರೆ ಹೀಗೇ ತಲೆ ಎಡಕ್ಕೆ ವಾಲಿಸುತ್ತಿದ್ದ. ಆರನೆಯದು ಮಸುಕಾಗಿತ್ತು, ಚಿತ್ರ ತೆಗೆಯುವಾಗ ಉಗುಳು ನುಂಗಿದ್ದಾರೆ. ಅವನು ಸುಮ್ಮನೆ ಮಲಗುವ ಜಾಯಮಾನದವನಲ್ಲ. ಒಂಬತ್ತನೆಯದರ ಗೋಡೆ ದಪ್ಪವಿತ್ತು, ನಿಜವಾಗಿಯೂ ದಪ್ಪ, ಗೆರೆಗಳ ನಡುವೆ ಇಟ್ಟಿಗೆ ತುರುಕಿದ ಹಾಗೆ. ಇದೇ, ಎಂದುಕೊಂಡಳು. ಆದರೆ ಇದನ್ನು ತೆಳು ಎಂದು ಓದಲು ಕುರುಡಿಗೂ ಸಾಧ್ಯವಿಲ್ಲ ಎಂದು ಮರುಕ್ಷಣ ತೋಚಿ, ಭಯ ಹತ್ತನೆಯದಕ್ಕೆ ದಾಟಿಕೊಂಡಿತು. ಹನ್ನೊಂದು ವರ್ಷ ಒಂದೇ ಹಾಸಿಗೆಯಲ್ಲಿ ಆ ಕತ್ತಿನ ಪಕ್ಕ ಮಲಗಿದ್ದಳು. ಗಡ್ಡ ಮುಗಿಯುವಲ್ಲಿ ಎರಡು ಮಚ್ಚೆ, ಕಾಲರ್ ಉಜ್ಜಿ ಕಪ್ಪಾದ ಒಂದು ಗೆರೆ, ನಕ್ಕಾಗ ಮೇಲೆ ಕೆಳಗೆ ಓಡುವ ಗಂಟಲಗಂಟು. ಚಿತ್ರದಲ್ಲಿ ಅದೊಂದೂ ಇರುವುದಿಲ್ಲ. ಆದರೂ ಬಂದಾಗ ತಿಳಿಯುತ್ತದೆ ಎಂದು ನಂಬಿದ್ದಳು. ಅಷ್ಟೂ ತಿಳಿಯದಿದ್ದರೆ ಹೆಂಡತಿಯೆಂದು ಇದ್ದದ್ದಾದರೂ ಏನು?

ಹತ್ತೊಂಬತ್ತನೆಯದು ಮುಗಿದಾಗ ನೀರು ಕುಡಿಯಲು ಎದ್ದು ಹೊರಗೆ ಬಂದಳು. ಹಜಾರದ ಬೆಂಚಿನ ಮೇಲೆ ಐವತ್ತು ದಾಟಿದ ಗಂಡಹೆಂಡತಿ ಕುಳಿತಿದ್ದರು. ಅವರ ಸರದಿ ಮೂರೂವರೆಗೆ; ಬೆಳಿಗ್ಗೆ ಹತ್ತಕ್ಕೇ ಬಂದು ಕುಳಿತಿದ್ದಾರೆ ಎಂದು ಸಿಸ್ಟರ್ ಆಗಲೇ ಹೇಳಿ ನಕ್ಕಿದ್ದರು. ಗಂಡಸಿನ ಕೈಯಲ್ಲಿ ನಾಲ್ಕು ಮಡಿಕೆಯಾದ ಕಾಗದವಿತ್ತು. ಆ ಕಾಗದದ ನೀಲಿ ತಲೆಬರಹ ಅವಳಿಗೆ ದೂರದಿಂದಲೇ ಗುರುತಾಯಿತು. ನೀರು ಕುಡಿದು ತಲೆ ತಗ್ಗಿಸಿ ಹಿಂತಿರುಗುವವಳನ್ನು ಆತ ಕರೆದ.

"ಅಮ್ಮಾ, ನೀವು ಇಲ್ಲಿಯವರೇನಾ? ಈ ನಾಳ ದಪ್ಪ ಅಂತ ಬರೆದಿದ್ದಾರಲ್ಲ, ಅಂದ್ರೆ ಎಷ್ಟು ದಿನ ಅಂತ ಇರುತ್ತೆ ಸಾಮಾನ್ಯವಾಗಿ?"

"ಏನು ಎಷ್ಟು ದಿನ?"

"ನಾನು," ಎಂದ ಆತ.

"ಥೂ, ಬಾಯಿಗೆ ಬಂದದ್ದು ಅನ್ನಬೇಡಿ," ಎಂದಳು ಹೆಂಡತಿ. ಇವಳ ಕಡೆ ತಿರುಗಿ, "ಕಟಿಂಗ್ ಶಾಪು ನಮ್ಮದು. ಎಂಟು ವಾರದಿಂದ ಕತ್ತಿ ಮುಟ್ಟಿಲ್ಲ ಇವರು. ಕೂದಲು ಕತ್ತರಿಸ್ತಾರೆ, ಶೇವಿಂಗ್ ಅಂದ್ರೆ ಮಾತ್ರ ಭಾಮೈದನ್ನ ಕರೀತಾರೆ."

"ಗಿರಾಕಿ ಗದ್ದ ಎತ್ತಿದ್ರೆ ಕಾಣುತ್ತಲ್ಲಮ್ಮ," ಎಂದ ಆತ, ತನ್ನ ಕತ್ತಿನ ಪಕ್ಕಕ್ಕೆ ಎರಡು ಬೆರಳಿಟ್ಟು. "ಇಲ್ಲಿ, ಟುಕು ಟುಕು ಅಂತಿರುತ್ತೆ. ಮೊದಲೂ ಅಂತಿತ್ತು, ನಾನೇ ನೋಡಿರಲಿಲ್ಲ. ಈಗ ಅದೊಂದೇ ಕಾಣೋದು. ಕೈ ನಡುಗುತ್ತೆ. ಮೂವತ್ತು ವರ್ಷ ಊರವರ ಕತ್ತಿಗೆಲ್ಲ ಕತ್ತಿ ಹಿಡಿದೆ, ಒಬ್ಬನೂ ಹೆದರಲಿಲ್ಲ. ಇವರು ನನಗೊಂದು ಕಾಗದ ಹಿಡಿದ್ರು ನೋಡಿ, ಅಂಗಡೀಲೇ ಕುಸಿದು ಕೂತೆ."

"ಕುಸಿದು ಕೂತೋರು ಎದ್ದಮೇಲೆ ಕನ್ನಡಿ ಬಿಟ್ಟಿಲ್ಲ," ಎಂದಳು ಹೆಂಡತಿ. "ಮದುಮಗನ ಹಾಗೆ ಕತ್ತು ಈ ಕಡೆ ಒಂದ್ಸಲ, ಆ ಕಡೆ ಒಂದ್ಸಲ. ಗಿರಾಕಿಗಳು ಕೇಳ್ತಾರೆ, ಏನಣ್ಣ, ಇನ್ನೊಂದು ಸಂಬಂಧ ಏನಾದ್ರೂ ನೋಡ್ತಿದೀಯಾ ಅಂತ."

ಆತ ಕತ್ತು ಎತ್ತಿ, ಹುಬ್ಬು ಹಾರಿಸಿ, ಮದುಮಗನ ಹಾಗೆ ಎರಡು ಕಡೆಗೂ ತಿರುಗಿಸಿ ತೋರಿಸಿದ. ಅವಳಿಗೆ ನಗು ಬಂದುಬಿಟ್ಟಿತು. ತಡೆಯುವ ಮೊದಲೇ, ಮೂಗಿನಿಂದ, ಸೀನಿದ ಹಾಗೆ. ಏಳು ತಿಂಗಳ ಮೇಲೆ ಬಂದ ನಗು ಎಂದು ಆ ಇಬ್ಬರಿಗೆ ತಿಳಿಯುವಂತಿರಲಿಲ್ಲ. ಅವರೂ ನಕ್ಕರು. ಹೆಂಡತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮುಚ್ಚಳದಲ್ಲೇ ಕೊಟ್ಟು, "ಸಕ್ಕರೆ ಇದೆ, ಉಪ್ಪೊಂದೇ ನಿಲ್ಲಿಸಿರೋದು," ಎಂದಳು. ಬೇಡವೆನ್ನಲಾಗದೆ ಅದನ್ನು ಹಿಡಿದುಕೊಂಡೇ ಅವಳು ಕತ್ತಲೆ ಕೋಣೆಗೆ ಬಂದಳು. ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಮೌಸು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಮದುಮಗನ ಕತ್ತು ನೆನಪಾಗಿ ಮತ್ತೆ ತುಟಿ ಅಲುಗಿತು. ಇಪ್ಪತ್ತಮೂರು ಓದುವಾಗ ಚಹಾ ಕೀಬೋರ್ಡಿನ ಮೇಲೆ ಚೆಲ್ಲೀತೆಂದು ಕಾಗದದ ಚೂರೊಂದನ್ನು ಕೆಳಗೆ ಹಾಸಿದಳು. ಇಪ್ಪತ್ತೈದರ ಹೊತ್ತಿಗೆ ಮುಚ್ಚಳ ಖಾಲಿಯಾಯಿತು. ಅದನ್ನು ಹಿಂದಿರುಗಿಸಬೇಕಲ್ಲ ಎಂದು ನೋಡಿದಾಗ, ಆತನ ಕೈಯಲ್ಲಿದ್ದ ಕಾಗದದ ನಾಲ್ಕು ಮಡಿಕೆ ನೆನಪಾಯಿತು. ಆ ಕತ್ತನ್ನು ಓದಿದ ಕೈ ಇದೇ. ಇಪ್ಪತ್ತಾರನೆಯದಕ್ಕೆ ಅಂಗೈ ಮತ್ತೆ ಬೆವರಿತು.

ಎರಡೂಮುಕ್ಕಾಲಿಗೆ ಅರುವತ್ತೂ ಮುಗಿಯಿತು. ಅವನು ಸಿಕ್ಕಿರಲಿಲ್ಲ. ಇಲ್ಲವೇ ಎಂಟು ಕಡೆ ಸಿಕ್ಕಿದ್ದ.

ಮೇಷ್ಟ್ರು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಮುದ್ರಿಸಿ, ಸಾಲು ಸಾಲಾಗಿ ಪೆನ್ಸಿಲ್ ಇಳಿಸುತ್ತ ಬಂದರು. ಎಡಗಡೆ ಎರಡು ವರ್ಷದ ಹಿಂದಿನ ಅವಳು, ಬಲಗಡೆ ಇಂದಿನ ಅವಳು.

"ಅವತ್ತಿನದ್ದು ಬಂಗಾರ," ಎಂದರು. "ಪಕ್ಕದ ರೂಮಿನವರೂ ಇದೇ ಅರುವತ್ತನ್ನ ಓದಿದ್ದಾರೆ, ಅವರಿಗೂ ಅವತ್ತಿನ ನಿಮಗೂ ತಾಳೆ ಆಗುತ್ತೆ. ಇವತ್ತಿನದ್ದು ನಾನು ಅಂದ ಹಾಗೇ, ಒಂದು ಕೂದಲು ಹೆಚ್ಚು. ಆದರೆ ಒಂದು ತಮಾಷೆ ಇದೆ ನೋಡಿ. ಇಪ್ಪತ್ತರಿಂದ ಇಪ್ಪತ್ತೈದು, ಈ ಆರು ಮಾತ್ರ ಸರಿಯಾಗಿ ಓದಿದ್ದೀರಿ. ಮಧ್ಯದಲ್ಲಿ ಹಳೇ ನೀವೇ ಬಂದು ಕೂತ ಹಾಗೆ. ಆಗೇನು ಮಾಡ್ತಿದ್ರಿ?"

"ಚಹಾ ಕುಡೀತಿದ್ದೆ."

"ಹಾಗಾದ್ರೆ ದಿನಾ ಕುಡೀರಿ," ಎಂದು ಮೇಷ್ಟ್ರು ನಕ್ಕು ಹಾಳೆ ತಿರುಗಿಸಿದರು. ತಿರುಗಿಸಿದ ಹಾಳೆಯಲ್ಲಿ ಸಂಖ್ಯೆಗಳ ಪಕ್ಕ ವಯಸ್ಸು, ಗಂಡೋ ಹೆಣ್ಣೋ ಎಂಬ ಗುರುತು, ಮತ್ತು ಕೊನೆಯಲ್ಲಿ ಒಂದು ಕಿರಿದಾದ ಕಾಲಂ ಇತ್ತು. ಈಗ ಬದುಕಿಲ್ಲದವರಿಗೆ ಅಲ್ಲಿ ಒಂದು ಸಣ್ಣ ಗುಣಾಕಾರದ ಗುರುತು ಹಾಕುತ್ತಾರೆ. ಇಡೀ ಹಾಳೆಯಲ್ಲಿ ಅಂಥದು ಒಂದೇ ಇತ್ತು. ಮೇಷ್ಟ್ರಿಗೂ ಅದು ಆಗಲೇ ಕಂಡಿರಬೇಕು. ಥಟ್ಟನೆ ಅಂಗೈ ಅಡ್ಡವಿಟ್ಟರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ, ಆದರೆ ಕೈ ಹಿಂದೆಗೆಯದೆ.

ಅವಳು ನೋಡಿಯಾಗಿತ್ತು. ಇಪ್ಪತ್ತಮೂರು. ಗಂಡು, ಮೂವತ್ತೇಳು. ಅವತ್ತು ಸೊನ್ನೆ ಪಾಯಿಂಟ್ ಐದು ಎಂಟು. ಇವತ್ತು ಸೊನ್ನೆ ಪಾಯಿಂಟ್ ಐದು ಒಂಬತ್ತು.

"ಚೆನ್ನಾಗಿತ್ತಮ್ಮ," ಎಂದರು ಮೇಷ್ಟ್ರು, ಅಂಗೈ ತೆಗೆಯದೆ. "ಹುಡುಗರ ನಾಳದ ಹಾಗಿತ್ತು. ನೀವು ತಪ್ಪು ಓದಿರಲಿಲ್ಲ."

"ಆ ನಲವತ್ತೆರಡು ಜನಕ್ಕೆ?"

"ಕಮಿಟಿ ಕೂತು ಒಪ್ಪಿದ ಮೇಲೆ ಕಾಗದ ಹೋಗುತ್ತೆ. ಒಂದು ತಿಂಗಳು ಆಗಬಹುದು. ಇವತ್ತು ಮೂರೂವರೆಗೆ ಬರೋರೂ ಆ ಪಟ್ಟಿಯಲ್ಲೇ ಇದ್ದಾರೆ."

ಕತ್ತಲೆ ಕೋಣೆಗೆ ಹಿಂತಿರುಗಿ ಅವಳು ಇಪ್ಪತ್ತಮೂರನ್ನು ತೆರೆದಳು. ಕಪ್ಪು ಪಟ್ಟಿ, ಎರಡು ಗೆರೆ. ಅವನ ಕತ್ತಿನ ಮುಂದೆ ಕುಳಿತು ಚಹಾದ ಮುಚ್ಚಳಕ್ಕೆ ಕಾಗದ ಹಾಸಿದ್ದಳು. ಸಿಕ್ಕಾಗ ತಿಳಿಯಲಿಲ್ಲ, ಎರಡು ವರ್ಷದ ಹಿಂದೆಯೂ ತಿಳಿದಿರಲಿಲ್ಲ. ದಾರಿಯಲ್ಲಿ ಎದುರಾದ ಯಾರನ್ನೋ ದಾಟಿ ಹೋಗುವಂತೆ ಎರಡು ಸಲವೂ ದಾಟಿ ಹೋಗಿದ್ದಳು. ಸಮಾಧಾನಕ್ಕಾಗಿ ಕಾದಳು. ತಪ್ಪಿಲ್ಲ ಎಂದರೆ ಬರಬೇಕಾದ ಸಮಾಧಾನ. ಗುರುತನ್ನು ಮೇಲಿನ ಗೆರೆಯ ಮೇಲಿಟ್ಟು ಕೆಳಗೆ ಎಳೆದು ಇನ್ನೊಮ್ಮೆ ಅಳೆದಳು. ಸೊನ್ನೆ ಪಾಯಿಂಟ್ ಏಳು ಒಂದು. ಅಳಿಸಿ ಮತ್ತೆ ಅಳೆದಳು. ಏಳು ಒಂದೇ. ಹೆಸರು ತಿಳಿದೊಡನೆ ಗೋಡೆ ಅಷ್ಟು ದಪ್ಪವಾಗಿತ್ತು.

ಕತ್ತಿನಲ್ಲಿ ಏನೂ ಇರಲಿಲ್ಲವಾದರೆ ಎಲ್ಲಿತ್ತು? ಏಳು ತಿಂಗಳು ಒಂದೇ ಬಾಗಿಲನ್ನು ಕಾಯುತ್ತ ಕುಳಿತವಳಿಗೆ ಹಿತ್ತಲ ಬಾಗಿಲು ತೆರೆದೇ ಇದ್ದದ್ದು ಆಗ ಕಂಡಿತು. ನೂರ ಅರುವತ್ತೆಂಟು ಬಂತು ಕಣೇ. ಅವನು ತೋಳು ಇಳಿಸಿಕೊಳ್ಳುತ್ತ ನಿಂತಿದ್ದಾನೆ, ಇವಳು ನಗುತ್ತಿದ್ದಾಳೆ. ಆಮೇಲೆ ನೂರ ಮೂವತ್ತೆಂಟು, ನೂರ ಮೂವತ್ತಾರು. ನೂರ ನಲವತ್ತರ ಗೆರೆಯ ಒಳಗೇ. ಆ ಎರಡು ಸಂಖ್ಯೆ ಫಾರಂನಲ್ಲಿವೆ. ಮೊದಲನೆಯ ಮನೆಯಲ್ಲಿರುವುದು ಸಿಸ್ಟರ್ ಎಳೆದ ಅಡ್ಡಗೆರೆ. ನೂರ ಅರುವತ್ತೆಂಟು ಯಾವ ಕಾಗದದಲ್ಲೂ ಇಲ್ಲ, ಯಾವ ಪರದೆಯಲ್ಲೂ ಚುಕ್ಕೆಯಾಗಿ ಇಲ್ಲ. ಅದಿರುವುದು ಅವಳ ಕಿವಿಯಲ್ಲಿ ಮಾತ್ರ. ಲಿಫ್ಟಿನ ದೂರು ಬಂದಾಗ ಅವನು ಹೇಳುತ್ತಿದ್ದ, ನಾನು ಹೋಗಿ ನಿಂತ್ರೆ ಯಾವ ಲಿಫ್ಟೂ ಜರ್ಕ್ ಹೊಡೆಯಲ್ಲ ಕಣೇ, ಮೆಕ್ಯಾನಿಕ್ ಕಂಡ್ರೆ ಎಲ್ಲಾ ಸಾಧು, ಅದಕ್ಕೇ ನಾನು ಯಂತ್ರದ ಮಾತು ನಂಬಲ್ಲ, ಮೊದಲು ಹೆದರಿದ ಮುದುಕಿ ಏನು ಹೇಳ್ತಾಳೋ ಅದನ್ನ ಬರಕೊಳ್ತೀನಿ. ಆಸ್ಪತ್ರೆಯಲ್ಲಿ ಡಾಕ್ಟರು, "ಬಿ.ಪಿ. ಇತ್ತಾ ಇವರಿಗೆ?" ಎಂದು ಕೇಳಿದ್ದರು. "ಇಲ್ಲ," ಎಂದು ಅವಳು ತಕ್ಷಣ ಹೇಳಿದ್ದಳು. "ನಮ್ಮಲ್ಲೇ ನೋಡಿದ್ದೇವೆ." ಎಷ್ಟು ಬೇಗ ಹೇಳಿದ್ದಳು. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಹೆದರಿಕೆ ಇಷ್ಟು ದಿನ ಒಂದು ಚಿತ್ರದೊಳಗಿತ್ತು; ತೆರೆದರೆ ಕಾಣುವಂಥದು, ಮುಚ್ಚಿದರೆ ಮುಚ್ಚುವಂಥದು. ಈಗ ಅದಕ್ಕೆ ಸಂಖ್ಯೆಯೂ ಇಲ್ಲ, ಚೌಕಟ್ಟೂ ಇಲ್ಲ. ಹೊರಗೆ ಸಿಸ್ಟರ್ ದನಿ ಕೇಳಿಸಿತು, ಬನ್ನಿ ಬನ್ನಿ, ನಿಮ್ಮ ಸರದಿ. ಅವಳು ಫ್ಲಾಸ್ಕಿನ ಮುಚ್ಚಳ ಹಿಡಿದುಕೊಂಡು ಎದ್ದಳು.

ಸಿಸ್ಟರ್ ಕೋಣೆಯಲ್ಲಿ ಕಟಿಂಗ್ ಶಾಪಿನವನು ಕುರ್ಚಿಯ ತುದಿಯಲ್ಲಿ ಕುಳಿತು, ಗಿರಾಕಿಯಂತೆ ಗದ್ದ ಎತ್ತಿಕೊಂಡಿದ್ದ. ಹೆಂಡತಿ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದಳು. ಅವಳು ಹೆಂಡತಿಗೆ ಮುಚ್ಚಳ ಕೊಟ್ಟಳು. ಕೊಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೀರೆಯ ಸೆರಗಿನಲ್ಲಿ ಒರೆಸಿಕೊಂಡಳು.

"ನಿಮ್ಮ ಕತ್ತಿನ ಅಳತೆ ತೆಗೆದವಳು ನಾನೇ," ಎಂದಳು. "ತಪ್ಪಾಗಿತ್ತು. ನಾಳ ದಪ್ಪ ಇಲ್ಲ. ನನ್ನ ಕೈ ಜಾರಿತ್ತು, ಒಂದು ಕೂದಲಿನಷ್ಟು."

ಸಿಸ್ಟರ್ ಫಾರಂನಿಂದ ತಲೆಯೆತ್ತಿದರು. ಹೆಂಡತಿ ಕಾಗದವನ್ನು ತಿರುಗಿಸಿ ನೋಡಿದಳು, ಹಿಂಬದಿಯಲ್ಲಿ ಬೇರೇನಾದರೂ ಬರೆದಿದೆಯೇ ಎಂಬಂತೆ.

"ಒಂದು ಕೂದಲಾ?" ಎಂದ ಆತ.

"ಹೌದು."

"ಮೂವತ್ತು ವರ್ಷದಿಂದ ದಿನಾ ಮೊರದಗಲ ಗುಡಿಸಿ ಹಾಕ್ತೀನಲ್ಲಮ್ಮ ಕೂದಲು. ಅದರಲ್ಲಿ ಒಂದಕ್ಕೆ ಎಂಟು ವಾರ ಸತ್ತೆನಾ ನಾನು?" ಅವನ ದನಿ ಏರಿತು, ಒಡೆಯಿತು, ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದ. ಭುಜ ಕುಣಿಯುವಷ್ಟು ನಗು. ಹೆಂಡತಿ ಮಾತ್ರ ನಗಲಿಲ್ಲ. ಅವಳನ್ನೇ ನೋಡುತ್ತ, "ಎಂಟು ವಾರ ರಾತ್ರಿಯೆಲ್ಲ ಇವರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೀನಿ," ಎಂದಳು. "ನಿಮಗೆಲ್ಲಿ ಗೊತ್ತಾಗಬೇಕು."

ಅವಳು ಮತ್ತೊಮ್ಮೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಇರಲಿ, ಬಂದದ್ದು ಬಂದಿದ್ದೀರಿ, ಬಿ.ಪಿ. ಒಂದು ನೋಡಿಬಿಡ್ತೀನಿ," ಎಂದು ಸಿಸ್ಟರ್ ಇನ್ನೂ ನಗುತ್ತಿದ್ದ ಆತನ ತೋಳಿಗೆ ಪಟ್ಟಿ ಸುತ್ತಿದರು. "ಮಾತಾಡಬೇಡಿ. ನಗಲೂಬೇಡಿ." ಐದು ನಿಮಿಷ ಸುಮ್ಮನೆ ಕೂರಿಸಿದರು. ಆತನ ಮುಖ ಸಡಿಲವಾಗಿತ್ತು, ತುಟಿಯಲ್ಲಿ ನಗೆಯ ಗುರುತು ಇನ್ನೂ ಉಳಿದಿತ್ತು. ಎಂಟು ವಾರದಲ್ಲಿ ಮೊದಲ ಬಾರಿಗೆ ಯಾವ ಹೆದರಿಕೆಯೂ ಇಲ್ಲದ ಮುಖ. ರಬ್ಬರಿನ ಉಂಡೆ ಪುಸ್ ಪುಸ್ ಎಂದು ಗಾಳಿ ತುಂಬಿತು. ಗಾಳಿ ಇಳಿಯಿತು. ಸಿಸ್ಟರ್ ಕಿವಿಯಿಂದ ನಳಿಗೆ ತೆಗೆದರು.

"ನೂರ ಅರುವತ್ತಾರು. ಮೊದಲನೇದು ಹೆದರಿಕೆಯದು ಬಿಡಿ, ಲೆಕ್ಕಕ್ಕಿಲ್ಲ." ಪೆನ್ನು ಆಗಲೇ ಮೊದಲನೆಯ ಮನೆಗೆ ಹೋಗಿ ಅಡ್ಡಗೆರೆ ಎಳೆದಿತ್ತು.

"ಬರೀರಿ ಸಿಸ್ಟರ್," ಎಂದಳು ಅವಳು.

"ಏನನ್ನ?"

"ಮೊದಲನೇದನ್ನ."

"ಯಾಕಮ್ಮ, ಅದನ್ನ ಬಿಡೋದೇ ಅಲ್ವಾ? ಇಷ್ಟು ವರ್ಷದಿಂದ..."

"ಬಿಡಲಿ. ಬಿಡೋರು ಬಿಡಲಿ. ನೀವು ಬರೀರಿ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಆತನ ಕಡೆ ತಿರುಗಿದಳು. "ನಿಮಗೆ ಈಗ ಹೆದರಿಕೆ ಇತ್ತಾ?"

"ಈಗೆಲ್ಲಿಯ ಹೆದರಿಕೆ," ಎಂದ ಆತ, ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ. "ಈಗ ತಾನೇ ನೀವೇ ಬದುಕಿಸಿದ್ರಲ್ಲ."

ಹೆಂಡತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಅವಳ ಕೈ ತಾನಾಗಿ ಗಂಡನ ಭುಜದ ಮೇಲೆ ಬಂತು. ಸಿಸ್ಟರ್ ಒಂದು ಕ್ಷಣ ಪೆನ್ನು ಹಿಡಿದುಕೊಂಡೇ ಕುಳಿತರು. ಆ ಕ್ಷಣದಲ್ಲಿ ಹನ್ನೊಂದು ವರ್ಷದ ಅಡ್ಡಗೆರೆಗಳಲ್ಲಿ ಎಷ್ಟನ್ನು ನೆನೆಸಿಕೊಂಡರೋ ತಿಳಿಯದು; ಬರೀರಿ ಎಂದವಳ ಮುಖವನ್ನು ಮಾತ್ರ ನೋಡಲಿಲ್ಲ. ಮನೆ ಚಿಕ್ಕದು, ಬೇರೆ ಜಾಗವಿರಲಿಲ್ಲ. ಎಳೆದಿದ್ದ ಗೆರೆಯ ಮೇಲೆಯೇ ಬರೆದರು. ಒಂದು, ಆರು, ಆರು. ಆಮೇಲೆ ಎರಡನೆಯದಕ್ಕೆ ಗಾಳಿ ತುಂಬತೊಡಗಿದರು. ಪಟ್ಟಿ ಉಬ್ಬುತ್ತ ಹೋಯಿತು. ಅವಳು ಬಾಗಿಲಿಗೆ ಒರಗಿ, ತನ್ನ ಕತ್ತಿನ ಮೇಲೆ ಎರಡು ಬೆರಳಿಟ್ಟುಕೊಂಡು ನಿಂತಳು.